ಮುಚ್ಚಳ ಅಮೀಬಾದ ಮನೆಯಲ್ಲಿ

ಜನವರಿ 20, ಸೋಮವಾರ

ಸಂಜೆ ಆರು ಗಂಟೆ. ಇಂದು ಶೆಡ್ಡಿಗೆ ಹೋಗಿ ಕಸ ಗುಡಿಸಿ ಬಂದೆ. ಮೆಷಿನ್ ಮುಟ್ಟಲಿಲ್ಲ. ಜೊತೆ ಕೆಲಸದ ಕೆಹಕಶಾನ್ ತೀರಿಹೋಗಿ ಅರವತ್ತೆರಡನೆಯ ದಿನ.

ಹೈವೇ ಮೇಲಿನ ಗೊಂಬೆ ಅಂಗಡಿಯವರು ಪ್ರತಿ ವರ್ಷದಂತೆ ಈ ಸಲವೂ ಎರಡು ಡೈರಿ ಕೊಟ್ಟರು. ಅವರಿಗೆ ವಿಷಯ ಗೊತ್ತಿರಲಿಲ್ಲ. ನಾನೂ ಹೇಳದೆ ಎರಡನ್ನೂ ತಂದೆ. ಒಂದು ಖಾಲಿಯಾಗಿ ಶೆಡ್ಡಿನ ಗೂಡಿನಲ್ಲಿದೆ. ಇನ್ನೊಂದರಲ್ಲಿ ಇದನ್ನು ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಇಷ್ಟುದ್ದ ಬರೆದದ್ದು ಇದೇ ಮೊದಲು.

ಇಪ್ಪತ್ಮೂರು ವರ್ಷ ನಾವಿಬ್ಬರೂ ಒಂದೇ ಶೆಡ್ಡಿನಲ್ಲಿ ಕೂತು ಮಕ್ಕಳಾಟದ ಮರದ ಅಡುಗೆ ಸಾಮಾನು ಮಾಡಿದೆವು. ನಾನು ಪಾತ್ರೆ ಕಡೆಯುತ್ತಿದ್ದೆ, ಅವಳು ಮುಚ್ಚಳ. ಮೋಟಾರು ಒಂದೇ. ಅದರಿಂದ ಉದ್ದಕ್ಕೆ ಒಂದು ಶಾಫ್ಟು, ಶಾಫ್ಟಿನಿಂದ ಎರಡು ಬೆಲ್ಟು, ಎರಡು ಲೇತು. ನಾನು ಸ್ವಿಚ್ ಹಾಕಿದರೆ ಅವಳದ್ದೂ ತಿರುಗುತ್ತದೆ. ಡಿಸೆಂಬರಿನಲ್ಲಿ ಒಮ್ಮೆ ಹಾಕಿದೆ. ಆ ಕಡೆ ಖಾಲಿ ಲೇತು ತಿರುಗುವುದನ್ನು ನೋಡಿ ಆರಿಸಿಬಿಟ್ಟೆ. ಆ ಬೆಲ್ಟು ತೆಗೆದು ಹಾಕು ಎಂದು ನಮ್ಮ ಯಜಮಾನರು ಗಂಗಯ್ಯ ಹೇಳುತ್ತಾರೆ. ಎರಡು ನಿಮಿಷದ ಕೆಲಸ. ತೆಗೆದಿಲ್ಲ.

ಅಕ್ಕನೋ ತಂಗಿಯೋ ಹೋಗಿದ್ದರೆ ಬೀದಿಯಲ್ಲಿ ಜನ ನಿಲ್ಲಿಸಿ ಕೇಳುತ್ತಿದ್ದರು. ಪಕ್ಕದ ಲೇತಿನವಳು ಹೋದರೆ ಯಾರು ಕೇಳುತ್ತಾರೆ.

ಶೆಡ್ಡಿನ ಮಾಲೀಕರು ವೆಂಕಟಯ್ಯ ಬಂದಿದ್ದರು. "ಯಲ್ಲಮ್ಮ, ಓಡ್ಸಂಗಿದ್ರೆ ಓಡ್ಸು, ಇಲ್ದಿದ್ರೆ ಹೇಳ್ಬುಡು. ನಮ್ಮ ಬಾಮೈದ ನೀರಿನ ಕ್ಯಾನ್ ಇಟ್ಕೊಳಕೆ ಜಾಗ ಕೇಳ್ತಾವ್ನೆ" ಎಂದರು. ಫೆಬ್ರವರಿ ಮುಗಿಯಲಿ, ಶೆಡ್ಡು ಬಿಟ್ಟು ಬೀಗ ಕೊಡುತ್ತೇನೆ ಎಂದೆ. ಅವರು "ಆಗ್ಲಿ" ಎಂದು ಸ್ವಲ್ಪ ಹೊತ್ತು ನಿಂತರು. ನಾನು ಇನ್ನೇನಾದರೂ ಹೇಳುತ್ತೇನೆ ಎಂದುಕೊಂಡಿರಬೇಕು.

ಬುಟ್ಟಿಯಲ್ಲಿ ಮುಚ್ಚಳವಿಲ್ಲದ ಪಾತ್ರೆ ನಲವತ್ಮೂರು ಇವೆ. ಆ ಸೋಮವಾರ ಸಂಜೆ ಅವಳು ಮುಚ್ಚಳಗಳನ್ನು ಉಜ್ಜಿ ನುಣುಪು ಮಾಡಲು ಮನೆಗೆ ಒಯ್ದಿದ್ದಳು. ಮಂಗಳವಾರ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ಅವರ ಮನೆಗೆ ಆಮೇಲೆ ಎರಡು ಸಲ ಹೋದೆ. ಅಂಥ ಮನೆಯಲ್ಲಿ ಮುಚ್ಚಳ ಎಲ್ಲಿ ಎಂದು ಕೇಳುವುದು ಹೇಗೆ.

ನಾಳೆ ರೇಷನ್ ಅಂಗಡಿ ತೆಗೆಯುತ್ತದೆ.


ಜನವರಿ 26, ಭಾನುವಾರ

ಸಂಜೆ ಐದೂವರೆ. ಅರವತ್ತೆಂಟನೆಯ ದಿನ. ಬೆಳಿಗ್ಗೆ ಬಟ್ಟೆ ಒಗೆದೆ. ಮಧ್ಯಾಹ್ನ ಹಿನಾ ಬಂದಳು.

ಹಿನಾ ಕೆಹಕಶಾನ್‌ಳ ಒಬ್ಬಳೇ ಮಗಳು, ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾಳೆ. ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ. ಅವಳು ಏನು ಓದುತ್ತಾಳೆ ಎಂದು ಕೇಳಿದರೆ ಅವಳಮ್ಮ "ನೀರು ನೋಡ್ತಾಳೆ" ಎನ್ನುತ್ತಿದ್ದಳು. ಅಷ್ಟೇ ನನಗೂ ಗೊತ್ತಿದ್ದದ್ದು.

ಬಂದವಳು ಚಾಪೆಯ ಮೇಲೆ ಕೂತು ನೇರವಾಗಿ ವಿಷಯಕ್ಕೆ ಬಂದಳು.

"ಖಾಲಾ, ನಂಗೊಂದು ವೈರಸ್ ಮಾಡ್ಕೊಡಬೇಕು."

ಗಂಗಯ್ಯ ಊಟಕ್ಕೆ ಕೂತಿದ್ದರು. ಅವರು ಈಗ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸಕ್ಕೆ ಹೋಗುತ್ತಾರೆ, ಮೊದಲು ಹುಳ ಸಾಕುತ್ತಿದ್ದರು. "ವೈರಸ್ ಸುದ್ದಿ ನಂತಾವ ಎತ್ತಬ್ಯಾಡ ಮಗಾ" ಎಂದರು. "ಹಾಲುತೊಂಡೆ ರೋಗ ಬಂದು ಒಂದು ಮನೆ ಹುಳ ಗುಂಡಿಗೆ ಸುರ್ದವ್ನು ನಾನು. ಅದೂ ವೈರಸ್ಸೇ ಅಂತ ಆಫೀಸ್ನೋರು ಹೇಳಿದ್ರು. ಅದ್ನ ಗೊಂಬೆ ಮಾಡಿ ಯಾರು ಆಡ್ತಾರೆ?"

"ಇದು ಹುಳದ್ದಲ್ಲ ಮಾಮಾ, ಮನುಷ್ಯರ ತಂಟೆಗೂ ಬರಲ್ಲ. ನೀರಲ್ಲಿರೋ ಅಮೀಬಾಗೆ, ಪಾಚಿಗೆ ಬರೋದು. ಸಖತ್ ದೊಡ್ಡದು."

"ಎಷ್ಟು ದೊಡ್ಡದು?"

"ಸಾಸಿವೆ ಒಳಗೆ ಕೋಟಿಗಟ್ಟಲೆ ಹಿಡೀತವೆ."

ಗಂಗಯ್ಯ ನನ್ನ ಮುಖ ನೋಡಿದರು. "ಇದು ದೊಡ್ಡದಂತೆ ಕಣೇ" ಎಂದು ಕೈ ತೊಳೆಯಲು ಎದ್ದರು.

ಹಿನಾ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆದಿಡುತ್ತೇನೆ. ಮಾಮೂಲಿ ವೈರಸ್ ಬರಿಗೈಯಲ್ಲಿ ಬರುತ್ತದಂತೆ. ಯಾರ ಮನೆಗೆ ನುಗ್ಗಿತೋ ಅವರ ಒಲೆ, ಅವರ ಪಾತ್ರೆ, ಅವರ ದಿನಸಿಯಿಂದಲೇ ತನ್ನಂಥವನ್ನು ಮಾಡಿಸಿಕೊಳ್ಳುತ್ತದೆ. ಈ ದೊಡ್ಡ ವೈರಸ್‌ಗಳು ಹಾಗಲ್ಲ. ಬರುವಾಗ ತಾವೂ ಒಂದಿಷ್ಟು ಅಡುಗೆ ಸಾಮಾನು ಕಟ್ಟಿಕೊಂಡು ಬರುತ್ತವೆ. ಸಾಮಾನೆಂದರೆ ಸಾಮಾನಲ್ಲ, ಅದನ್ನು ಮಾಡುವ ಬಗೆ ಬರೆದ ಚೀಟಿ. ಅದಕ್ಕೆ ಜೀನು ಎನ್ನುತ್ತಾರೆ. ಸಕ್ಕರೆ ಒಡೆದು ಶಕ್ತಿ ತೆಗೆಯುವ ಪ್ರೋಟೀನುಗಳ ಚೀಟಿಗಳು ಅವುಗಳಲ್ಲಿ ಸಿಕ್ಕಿವೆ.

"ಊಟ ಮಾಡದೆ ಇರೋದಕ್ಕೆ, ಉಸಿರೇ ಆಡದೆ ಇರೋದಕ್ಕೆ ಅಡುಗೆಮನೆ ಸಾಮಾನು ಯಾಕೆ ಖಾಲಾ? ನಾವು ಲ್ಯಾಬಲ್ಲಿ ತಲೆ ಕೆಡಿಸ್ಕೊಂಡಿರೋದು ಅದಕ್ಕೇ."

ಫೆಬ್ರವರಿ ಇಪ್ಪತ್ತೆಂಟು ವಿಜ್ಞಾನ ದಿನವಂತೆ. ರಾಮನಗರದ ಒಂದು ಸ್ಕೂಲಿನಲ್ಲಿ ಮಕ್ಕಳಿಗೆ ಅವಳು ಇದನ್ನು ತೋರಿಸಬೇಕು. ಚಾರ್ಟು ಅಂಟಿಸಿದರೆ ಮಕ್ಕಳು ಓಡಿಹೋಗುತ್ತಾರೆ, ಕೈಗೆ ಸಿಗುವ ಗೊಂಬೆ ಬೇಕು ಎಂದಳು.

ಲೇತು ನಿಲ್ಲಿಸಿದ್ದೇನೆ, ಬೀಗ ಕೊಡುತ್ತೇನೆ ಎಂದು ಹೇಳಿದೆ. ಅವಳು ಚಾಪೆಯ ಅಂಚು ಕೀಳುತ್ತಾ ಕೂತಳು. ಆಮೇಲೆ "ಅಮ್ಮಿ ಲೇತೂ ಕೊಟ್ಬಿಡ್ತೀರಾ?" ಎಂದು ಕೇಳಿದಳು. ನಾನು ಕಾಫಿ ಮಾಡಲು ಒಳಗೆ ಹೋದೆ.

ನೋಡೋಣ ಎಂದಿದ್ದೇನೆ. ನಾಳೆ ಗ್ಯಾಸ್ ಬರುತ್ತದೆ.


ಜನವರಿ 29, ಬುಧವಾರ

ಎಪ್ಪತ್ತೊಂದು. ನೋಡೋಣ ಎಂದು ಯಾಕೆ ಹೇಳಿದೆನೋ. ಬೇರೆ ಏನೂ ಬರೆಯುವುದಿಲ್ಲ.


ಫೆಬ್ರವರಿ 2, ಭಾನುವಾರ

ಸಂಜೆ ಏಳು. ಎಪ್ಪತ್ತೈದು. ಇಂದು ಹಿನಾಳ ಜೊತೆ ಬೈರಮಂಗಲದ ಕೆರೆಗೆ ಹೋಗಿ ಬಂದೆ.

ಬೆಳಿಗ್ಗೆ ಏಳಕ್ಕೇ ಬಾಗಿಲಿಗೆ ಬಂದು "ಖಾಲಾ, ಹಗ್ಗ ಹಿಡಿಯೋಕೆ ಒಬ್ಬರು ಬೇಕು" ಎಂದಳು. ಇದಕ್ಕೆ ಹಿಂದೆಲ್ಲ ಅವಳಮ್ಮ ಹೋಗುತ್ತಿದ್ದಳು ಎಂದು ನನಗೆ ಗೊತ್ತು. ಭಾನುವಾರ ಮಗಳ ಜೊತೆ ಹೋಗಿ, ಸೋಮವಾರ ಬಂದು ಆ ನಾತದ ಸುದ್ದಿಯನ್ನು ಒಂದು ಗಂಟೆ ಹೇಳುತ್ತಿದ್ದಳು. ಸೀರೆ ಬದಲಿಸಿ ಹೊರಟೆ.

ಬಿಡದಿವರೆಗೆ ಬಸ್ಸು, ಅಲ್ಲಿಂದ ಆಟೋ. ಕೆರೆ ಹತ್ತಿರವಾಗುವ ಮೊದಲೇ ಮೂಗಿಗೆ ಸೆರಗು ಹಿಡಿದೆ. ಬೆಂಗಳೂರಿನ ಕೊಳೆಯೆಲ್ಲ ಬಂದು ಬೀಳುವ ನೀರು, ಮೇಲೆ ಸೋಪಿನಂಥ ಬಿಳಿ ನೊರೆ. ಆಟೋದವನು, "ಈ ನೀರ್ನ ಬಾಟ್ಲಿಗೆ ತುಂಬ್ಕೊಂಡು ಹೋಯ್ತೀರಾ? ನಮ್ಮನೆ ಎಮ್ಮೆನೂ ಕುಡಿಯಕಿಲ್ಲ ಕಣಕ್ಕ" ಎಂದ.

ಹಿನಾ ಹಗ್ಗಕ್ಕೆ ಬಾಟಲಿ ಕಟ್ಟಿ ಇಳಿಬಿಟ್ಟಳು. ನಾನು ತುದಿ ಹಿಡಿದು ನಿಂತೆ. ಇಂಥ ನೀರಿನಲ್ಲಿ ಏನು ಬದುಕುತ್ತದೆ ಎಂದು ಕೇಳಿದೆ.

"ಇಲ್ಲಿ ಜಾತ್ರೆನೇ ಇದೆ ಖಾಲಾ. ಅಮೀಬಾ, ಪಾಚಿ, ಅವಕ್ಕೆ ಬರೋ ವೈರಸ್ಸು. ನಾವು ವೈರಸ್ ಹಿಡಿಯೋಕೂ ಹೋಗಲ್ಲ. ನೀರಲ್ಲಿರೋ ಚೀಟಿಗಳನ್ನೆಲ್ಲ ಒಟ್ಟಿಗೆ ಓದ್ತೀವಿ. ಯಾವ ಚೀಟಿ ಯಾರದ್ದು ಅಂತ ಕಂಪ್ಯೂಟರಲ್ಲಿ ಜೋಡಿಸ್ತೀವಿ."

"ಎಲ್ಲ ಚೀಟಿನೂ ಓದಕ್ಕಾಯ್ತದಾ?"

"ಓದಕ್ಕಾಗತ್ತೆ. ಅರ್ಥ ಆಗಲ್ಲ. ಅರ್ಧಕ್ಕರ್ಧ ಏನಕ್ಕೆ ಅಂತಾನೇ ಗೊತ್ತಿಲ್ಲ." ಇದನ್ನು ಅವಳು ಸಂತೋಷದಿಂದ ಹೇಳಿದಳು. ಗೊತ್ತಿಲ್ಲದ್ದಕ್ಕೆ ಖುಷಿಪಡುವ ಕೆಲಸವೂ ಇರುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೆವು. ನನ್ನ ಸೆರಗು ನಾರುತ್ತಿತ್ತು. ಪಕ್ಕದ ಮೇಜಿನವರು ಎದ್ದು ಬೇರೆ ಕಡೆ ಕೂತರು. ಹಿನಾ ನಗು ತಡೆಯಲಾರದೆ ಚಟ್ನಿ ಚೆಲ್ಲಿದಳು. ಅವಳಮ್ಮನ ಹಾಗೆಯೇ, ಶಬ್ದವಿಲ್ಲದೆ, ಹೆಗಲು ಕುಣಿಸಿಕೊಂಡು.

ಇಡ್ಲಿ ತಿನ್ನುತ್ತಾ ಇನ್ನೊಂದು ಮಾತು ಹೇಳಿದಳು. ವೈರಸ್ ತರುವ ಸಾಮಾನು ಪೂರ್ತಿ ಇರುವುದಿಲ್ಲ. ಅಡುಗೆಗೆ ಹತ್ತು ಹಂತ ಇದ್ದರೆ ಎರಡೋ ಮೂರೋ ಹಂತದ ಚೀಟಿ ಮಾತ್ರ ಅದರ ಹತ್ತಿರ ಇರುತ್ತದೆ. ಉಳಿದದ್ದು ಅಮೀಬಾದ ಮನೆಯಲ್ಲಿ. ಎರಡೂ ಕೂಡಿದರೇ ಅಡುಗೆ.

"ನನ್ನ ಬುಟ್ಟಿ ಥರ" ಎಂದೆ. ಅವಳಿಗೆ ತಿಳಿಯಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ನಾಳೆ ಈ ಸೀರೆಯನ್ನು ಎರಡು ಸಲ ಒಗೆಯಬೇಕು.


ಫೆಬ್ರವರಿ 6, ಗುರುವಾರ

ಸಂಜೆ ಆರೂ ಕಾಲು. ಎಪ್ಪತ್ತೊಂಬತ್ತು. ಇವತ್ತು ಮೋಟಾರು ಹಾಕಿದೆ.

ಆ ಕಡೆಯ ಲೇತು ತಿರುಗಿತು. ಅದರ ಕಡೆ ಬೆನ್ನು ಮಾಡಿ ಕೂತೆ. ಬೆನ್ನ ಹಿಂದೆ ಸದ್ದು ಇದ್ದರೆ ಅಷ್ಟು ಕಷ್ಟವಿಲ್ಲ, ಸದ್ದು ಮೊದಲಿನದ್ದೇ.

ಗೊಂಬೆಗೆ ಬಳಸುವ ಆಲೆ ಮರದ ಒಂದು ತುಂಡು ಒಣಗಿ ಚೆನ್ನಾಗಿತ್ತು. ತೆಂಗಿನಕಾಯಿ ಗಾತ್ರದ ಉಂಡೆ ಕಡೆದು, ಹಳದಿ ಅರಗು ಹಿಡಿದೆ. ಮರ ತಿರುಗುವ ಬಿಸಿಗೆ ಅರಗು ಕರಗಿ ಮೆತ್ತಿಕೊಳ್ಳುತ್ತದಲ್ಲ, ಆ ವಾಸನೆ ಎಷ್ಟು ದಿನವಾಗಿತ್ತು. ತಾಳೆಗರಿ ಒತ್ತಿ ಹೊಳಪು ಕೊಟ್ಟೆ. ಉಂಡೆಯಲ್ಲಿ ನನ್ನ ಮುಖ ಕಾಣಿಸಿತು, ಮೂಗು ದಪ್ಪವಾಗಿ.

ಭಾನುವಾರ ಹಿನಾ ಬರುತ್ತಾಳೆ. ನಾಳೆ ನಮ್ಮ ಬೀದಿಗೆ ನೀರು ಬಿಡುವ ದಿನ.


ಫೆಬ್ರವರಿ 9, ಭಾನುವಾರ

ಸಂಜೆ ಐದು. ಇಡೀ ದಿನ ಈ ಗೊಂಬೆಯ ಕೆಲಸದಲ್ಲೇ ಹೋಯಿತು.

ಹಿನಾ ಉಂಡೆ ನೋಡಿ ಬಹಳ ಚೆನ್ನಾಗಿದೆ ಎಂದಳು. ಆ "ಬಹಳ"ದಲ್ಲೇ ನನಗೆ ಗೊತ್ತಾಯಿತು, ತಪ್ಪಾಗಿದೆ ಎಂದು. ಫೋನಿನಲ್ಲಿ ಚಿತ್ರ ತೋರಿಸಿದಳು. ವೈರಸ್ ದುಂಡಗಿಲ್ಲ. ಇಪ್ಪತ್ತು ಮುಖ, ಎಲ್ಲವೂ ಮೂರು ಮೂಲೆಯವು.

"ಮೊದ್ಲೇ ಹೇಳಬಾರದಾ? ಲೇತಲ್ಲಿ ಮೂಲೆ ಎಲ್ಲಿ ಬತ್ತದೆ, ದುಂಡಗೇ ಬರೋದು" ಎಂದೆ.

"ನಾನು ಚಿಕ್ಕೋಳಿದ್ದಾಗಿಂದ ಲೇತ್ ಪಕ್ಕದಲ್ಲೇ ಬೆಳೆದೋಳು ಖಾಲಾ, ನಂಗೇ ಹೊಳೀಲಿಲ್ಲ ನೋಡಿ" ಎಂದಳು.

ಉಂಡೆಯನ್ನು ಬಡಗಿ ಬಾಲರಾಜು ಹತ್ತಿರ ಒಯ್ದು ಮುಖ ಕೊಯ್ಯಿಸಲು ಹೋದೆವು. ಬಾಲರಾಜು ಪೆನ್ಸಿಲಿನಲ್ಲಿ ಗೆರೆ ಹಾಕಿದ, ಅಳಿಸಿದ, ಮತ್ತೆ ಹಾಕಿದ. ಒಂದು ಗಂಟೆ ಕೊಯ್ದ ಮೇಲೆ ಎಣಿಸಿದರೆ ಹದಿನೇಳೇ ಮುಖ ಬಂದಿದ್ದವು. ಉಳಿದ ಮೂರಕ್ಕೆ ಮರವೇ ಇರಲಿಲ್ಲ.

"ಒಸಿ ಅಡ್ಜಸ್ಟ್ ಮಾಡ್ಕಳವ್ವ" ಎಂದ ಹಿನಾಗೆ. "ಯಾವ ವೈರಸ್ ಬಂದು ಎಣಿಸ್ತದೆ?"

ಜೊತೆಗೆ ನನ್ನ ಅರಗಿನ ಹೊಳಪೆಲ್ಲ ಕಿತ್ತುಬಂದಿತ್ತು. ಚಪ್ಪಟೆ ಮುಖಕ್ಕೆ ಲೇತಿನಲ್ಲಿ ಅರಗು ಹಿಡಿಸಲು ಆಗುವುದಿಲ್ಲ. ಮೂವರೂ ಅದನ್ನು ಮಧ್ಯೆ ಇಟ್ಟುಕೊಂಡು ನೋಡಿದೆವು. ಯಾರೋ ಕಚ್ಚಿ ಬಿಟ್ಟ ಮಾವಿನಕಾಯಿಯ ಹಾಗಿತ್ತು. ಮೊದಲು ನಕ್ಕವಳು ನಾನೇ ಎಂದು ಹಿನಾ ಹೇಳುತ್ತಾಳೆ. ಇರಬಹುದು.

ಶೆಡ್ಡಿಗೆ ವಾಪಸ್ಸು ಬರುವಾಗ ದಾರಿಯಲ್ಲಿ ನಿಂತುಬಿಟ್ಟಳು. "ಖಾಲಾ, ದೊಡ್ಡ ವೈರಸ್‌ಗಳಲ್ಲಿ ಬೇರೆ ಆಕಾರದವೂ ಅವೆ. ಕುಡಿಕೆ ಥರ. ಉದ್ದಕ್ಕೆ, ಹೊಟ್ಟೆ ದಪ್ಪ, ಬಾಯಿಗೆ ಬಿರಡೆ."

"ಬಿರಡೆ ಐತಾ?"

"ಬಿರಡೆ ಥರದ್ದೇ ಇದೆ. ಅಮೀಬಾ ಒಳಗೆ ಹೋದ ಮೇಲೆ ಅದು ತೆರ್ಕೊಳತ್ತೆ."

ಚಿತ್ರ ತೋರಿಸಿದಳು. ಹೌದು, ಉಪ್ಪಿನಕಾಯಿ ಕುಡಿಕೆಯೇ. ಅಡುಗೆ ಸಾಮಾನಿನ ಚೀಟಿ ಹೆಚ್ಚಾಗಿ ಸಿಕ್ಕಿರುವುದು ಇಪ್ಪತ್ತು ಮುಖದ್ದರಲ್ಲಿ, ಕುಡಿಕೆಯದು ಬೇರೆ ವಂಶ, ಅದನ್ನು ಬೋರ್ಡಿನಲ್ಲಿ ಬರೆದು ಹಾಕಬೇಕು, ಇಲ್ಲದಿದ್ದರೆ ಲ್ಯಾಬಿನ ಮೇಡಂ ಬಯ್ಯುತ್ತಾರೆ ಎಂದು ಅವಳು ಹೇಳುತ್ತಲೇ ಇದ್ದಳು. ನಾನು ಆಗಲೇ ಯಾವ ತುಂಡು ತೆಗೆದುಕೊಳ್ಳುವುದೆಂದು ಯೋಚಿಸುತ್ತಿದ್ದೆ. ಒಳಗೆ ಟೊಳ್ಳು ಕಡೆಯಬೇಕು, ಪಾತ್ರೆಗಳೆಲ್ಲ ಅದರೊಳಗೆ ಹಿಡಿಸಬೇಕು. ಒಂದು ಮೊಳ ಉದ್ದ ಬೇಕಾಗುತ್ತದೆ.

ನಾಳೆ ಸಾ ಮಿಲ್ಲು ಒಂಬತ್ತಕ್ಕೆ ತೆಗೆಯುತ್ತದೆ.


ಫೆಬ್ರವರಿ 13, ಗುರುವಾರ

ಮಧ್ಯಾಹ್ನ ಎರಡು. ಊಟಕ್ಕೆ ಮನೆಗೆ ಬಂದಿದ್ದೇನೆ, ಮತ್ತೆ ಹೋಗಬೇಕು. ಮೊದಲ ಕುಡಿಕೆ ಸೀಳು ಬಿಟ್ಟಿತು. ಎರಡನೆಯದು ನಿಂತಿತು. ಬಿರಡೆಗೆ ಕೆಂಪು ಅರಗು. ಕೈ ನೋಯುತ್ತಿದೆ, ಹಳೆಯ ಜಾಗದಲ್ಲೇ.


ಫೆಬ್ರವರಿ 16, ಭಾನುವಾರ

ಸಂಜೆ ಆರೂವರೆ. ಬಹಳ ಬರೆಯುವುದಿದೆ.

ವೈರಸ್ ಆಯಿತು, ಇನ್ನು ಅಮೀಬಾದ ಮನೆ ಮಾಡಬೇಕು. ಅದು ಯಾವ ಆಕಾರ ಎಂದು ಕೇಳಿದರೆ ಹಿನಾ, "ಆಕಾರಾನೇ ಇಲ್ಲ ಖಾಲಾ, ಗಳಿಗೆಗೊಂದು ಥರ ಇರತ್ತೆ" ಎಂದಳು. ಆಕಾರವಿಲ್ಲದ್ದನ್ನು ಕಡೆಯುವುದು ಹೇಗೆ. ನಾನು ಮರದ ತುಂಡುಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಗ ಗಂಗಯ್ಯ ಬಾಗಿಲಲ್ಲಿ ನಿಂತು, "ಆಕಾರ ಬ್ಯಾಡ ಅಂದ್ರೆ ಚೀಲ ಸಾಕಲ್ವೇನೇ" ಎಂದರು. ಮನೆಗೆ ಹೋಗಿ ರೇಷ್ಮೆಗೂಡು ತುಂಬುವ ದೊಡ್ಡ ಚೀಲ ತಂದರು. ಹಿನಾ ಚೀಲದೊಳಗೆ ಕೈ ಹಾಕಿ ಅಲ್ಲಿ ಇಲ್ಲಿ ತಳ್ಳಿದಳು. ಚೀಲ ನಿಜವಾಗಿ ಕಾಲು ಚಾಚಿದ ಹಾಗೆ ಕಂಡಿತು. ಗಂಗಯ್ಯ ಅಷ್ಟಕ್ಕೇ ಬೀಗಿ, ಮಧ್ಯಾಹ್ನವೆಲ್ಲ "ನಮ್ಮ ಅಮೀಬಾ" ಎನ್ನುತ್ತಾ ಓಡಾಡಿದರು.

ಆಮೇಲೆ ಪಾತ್ರೆ. ನನ್ನ ಬುಟ್ಟಿಯನ್ನು ಎಳೆದು ಮುಂದಿಟ್ಟು ಬಿಡಿಸಿ ಹೇಳಿದೆ. ವೈರಸ್ ಒಳಗೆ ಪಾತ್ರೆ ಇರಲಿ, ಮುಚ್ಚಳ ಇಲ್ಲದೆ. ಮುಚ್ಚಳ ಅಮೀಬಾದ ಚೀಲದಲ್ಲಿರಲಿ. ಮಕ್ಕಳು ಬಿರಡೆ ತೆಗೆದು ಪಾತ್ರೆ ಸುರಿದು, ಚೀಲದಲ್ಲಿ ಕೈಯಾಡಿಸಿ, ಯಾವ ಮುಚ್ಚಳ ಯಾವುದಕ್ಕೆ ಕೂರುತ್ತದೆ ಎಂದು ಹುಡುಕಲಿ. ಕೂತರೆ ಅಡುಗೆ ಆಯಿತು.

ಹಿನಾ ಎದ್ದು ಹೊರಗೆ ಹೋದಳು. ತಪ್ಪು ಹೇಳಿದೆನೇನೋ ಎಂದುಕೊಂಡೆ. ಅರ್ಧ ಗಂಟೆಯ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬ ಮತ್ತು ಬಟ್ಟೆ ಚೀಲ ಹಿಡಿದು ಬಂದಳು.

"ಅಮ್ಮಿ ಬೀರು ಕೆಳಗಿತ್ತು. ಯಾರಿಗೆ ಕೊಡಬೇಕು ಗೊತ್ತಾಗದೆ ಇಟ್ಟಿದ್ದೆ. ನೀವು ಕೇಳ್ತೀರಾ ಅಂತ ಕಾಯ್ತಿದ್ದೆ ಖಾಲಾ."

"ನೀನು ಕೊಡ್ತೀಯಾ ಅಂತ ನಾನೂ ಕಾಯ್ತಿದ್ದೆ" ಎಂದೆ.

ಬಟ್ಟೆ ಚೀಲದಲ್ಲಿ ಮುಚ್ಚಳಗಳು. ನಲವತ್ತು. ಇಬ್ಬರೂ ನೆಲದ ಮೇಲೆ ಕೂತು ಒಂದೊಂದೇ ಕೂರಿಸಿದೆವು. ಕೆಹಕಶಾನ್ ಪರೀಕ್ಷೆ ಮಾಡುವ ರೀತಿ ಬೇರೆ ಇತ್ತು. ಮುಚ್ಚಳದ ಮೇಲಿನ ಪುಟ್ಟ ಗುಬುಟು ಹಿಡಿದು ಎತ್ತಿದರೆ ಕೆಳಗಿನ ಪಾತ್ರೆಯೂ ಎದ್ದು ಬರಬೇಕು, ಒಮ್ಮೆ ಒದರಿದರೆ ಬಿಟ್ಟುಕೊಳ್ಳಬೇಕು. ಎದ್ದು ಬರದಿದ್ದರೆ ಸಡಿಲ, ಬಿಡದಿದ್ದರೆ ಬಿಗಿ, ಎರಡೂ ಬೇಡ ಎನ್ನುತ್ತಿದ್ದಳು. ಮೂವತ್ತೇಳು ಹಾಗೆಯೇ ಎದ್ದು ಬಂದು, ಒದರಿದಾಗ ಟಪ್ಪೆಂದು ಬಿಟ್ಟವು. ಮೂರು ಯಾವುದಕ್ಕೂ ಕೂರಲಿಲ್ಲ. ಬೇರೆ ಯಾವುದೋ ಅಳತೆ. ಆರು ಪಾತ್ರೆಗೆ ಮುಚ್ಚಳವಿಲ್ಲ.

ಬಿಸ್ಕತ್ತಿನ ಡಬ್ಬದಲ್ಲಿದ್ದವನ್ನು ನೋಡಿ ನನಗೆ ನಗು ಬಂತು. ಸಂಜೆ ಕೆಲಸ ಮುಗಿದ ಮೇಲೆ ಉಳಿದ ಚೂರು ಮರದಲ್ಲಿ ಕೆಹಕಶಾನ್ ಏನೇನೋ ಕಡೆಯುತ್ತಿದ್ದಳು. ಅಣಬೆಗೆ ತೂತು ಬಿದ್ದ ಹಾಗೆ ಒಂದು, ಎರಡು ಸೊಂಟ ಇರುವುದೊಂದು, ಬಳೆಗೆ ಬಾಲ ಬಂದ ಹಾಗೆ ಇನ್ನೊಂದು. ಒಟ್ಟು ಒಂಬತ್ತು. ಇದೇನು ಎಂದು ಕೇಳಿದರೆ, "ನಂಗೇನು ಗೊತ್ತು, ಮರ ಹಿಂಗೆ ಬಂತು" ಎನ್ನುತ್ತಿದ್ದಳು.

ಗಂಗಯ್ಯ ಎರಡು ಸೊಂಟದ್ದನ್ನು ತೆಗೆದು ಬೆನ್ನು ತುರಿಸಿಕೊಂಡು ನೋಡಿದರು. "ಇದಕ್ಕೇ ಮಾಡಿರೋದು. ಬರ್ಕೊ ಮಗಾ, ಒಂದು ಗೊತ್ತಾಯ್ತು."

ಹಿನಾ ಒಂಬತ್ತನ್ನೂ ಸಾಲಾಗಿ ಇಟ್ಟು ಬಹಳ ಹೊತ್ತು ನೋಡಿದಳು. "ಇವೂ ಕುಡಿಕೆ ಒಳಗೆ ಹೋಗ್ಲಿ ಖಾಲಾ. ಏನಕ್ಕೆ ಅಂತ ಗೊತ್ತಿಲ್ಲದ ಚೀಟಿಗಳು ಇವೇ." ಗೂಡಿನಲ್ಲಿದ್ದ ಖಾಲಿ ಡೈರಿ ತೆಗೆದು ಒಂಬತ್ತರ ಚಿತ್ರವನ್ನೂ ಬರೆದು, ಪ್ರತಿಯೊಂದರ ಮುಂದೆ "ಗೊತ್ತಿಲ್ಲ" ಎಂದು ಬರೆದಳು. ಎರಡು ಸೊಂಟದ್ದರ ಮುಂದೆ "ಬೆನ್ನು?" ಎಂದು ಸೇರಿಸಿದಳು.

ನಾಳೆ ಗಂಗಯ್ಯನಿಗೆ ಬೆಳಗಿನ ಪಾಳಿ.


ಫೆಬ್ರವರಿ 21, ಶುಕ್ರವಾರ

ಸಂಜೆ ಏಳೂ ಕಾಲು. ತಡವಾಯಿತು.

ಆರು ಮುಚ್ಚಳ ಬೇಕಿತ್ತು. ನನ್ನ ಲೇತಿನಲ್ಲಿ ಮರ ಕಚ್ಚುವ ಹಿಡಿ ದೊಡ್ಡದು, ಸಣ್ಣ ಮುಚ್ಚಳಕ್ಕೆ ಸರಿಹೋಗುವುದಿಲ್ಲ. ಆ ಕಡೆ, ಕೆಹಕಶಾನ್ ಲೇತಿಗೆ, ಹೋಗಿ ಕೂತೆ. ಮಣೆ ತಗ್ಗು, ಅವಳು ಕುಳ್ಳಿ, ನನ್ನ ಮೊಣಕಾಲು ಗಲ್ಲಕ್ಕೆ ಬರುತ್ತಿತ್ತು. ಅವಳ ಉಳಿಯ ಹಿಡಿ ಎಡಗಡೆಗೆ ಸವೆದಿದೆ. ಇಷ್ಟು ವರ್ಷ ಪಕ್ಕದಲ್ಲಿದ್ದೂ ಅವಳು ಎಡಗೈಯಿಂದ ಒತ್ತುತ್ತಿದ್ದಳು ಎಂದು ನಾನು ಗಮನಿಸಿರಲಿಲ್ಲ.

ಮೊದಲ ಮುಚ್ಚಳ ಪಾತ್ರೆಯೊಳಗೇ ಬಿದ್ದುಹೋಯಿತು. ಎರಡನೆಯದನ್ನು ಕೂರಿಸಿದ ಮೇಲೆ ತೆಗೆಯಲು ಗಂಗಯ್ಯನನ್ನು ಕರೆಯಬೇಕಾಯಿತು. ಮುಚ್ಚಳ ಸುಲಭದ ಕೆಲಸ ಎಂದು ನಾನು ಇಪ್ಪತ್ಮೂರು ವರ್ಷ ಅವಳನ್ನು ರೇಗಿಸಿದ್ದೆ. "ನಿಂದು ತೂತು ತೋಡೋ ಕೆಲಸ, ನಂದು ತೂತಿಗೆ ಮರ್ಯಾದೆ ಕೊಡೋ ಕೆಲಸ" ಎನ್ನುತ್ತಿದ್ದಳು. ಒಪ್ಪಿಕೊಂಡೆ, ಈಗ.

ಹನ್ನೊಂದು ಮುಚ್ಚಳ ಹಾಳಾದವು. ಆರು ಕೂತವು.

ನಾಳೆ ಹಿನಾ ಬೋರ್ಡು ಬರೆಯಲು ಬರುತ್ತಾಳೆ. ಕಾಗುಣಿತ ನಾನು ನೋಡಬೇಕಂತೆ.


ಫೆಬ್ರವರಿ 28, ಶುಕ್ರವಾರ

ಸಂಜೆ ಏಳು. ರಾಮನಗರಕ್ಕೆ ಹೋಗಿ ಬಂದೆವು. ಬಸ್ಸಿನಲ್ಲಿ ಕುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಕಂಡಕ್ಟರ್, "ಉಪ್ಪಿನಕಾಯಾ ಅಕ್ಕ?" ಎಂದ. "ವೈರಸ್ಸು" ಎಂದೆ. ಅವನು ಹಿಂದಿನ ಸೀಟಿನವರಿಗೆ ಟಿಕೆಟ್ ಕೊಡಲು ಹೋದವನು ಮತ್ತೆ ನಮ್ಮ ಕಡೆ ಬರಲಿಲ್ಲ.

ಸ್ಕೂಲಿನಲ್ಲಿ ಬೇರೆ ಮೇಜುಗಳ ಮೇಲೆ ಜ್ವಾಲಾಮುಖಿ, ಸೋಲಾರ್ ದೀಪ, ಗಾಳಿಯಂತ್ರ. ನಮ್ಮ ಮೇಜಿಗೆ ಮೊದಲ ಅರ್ಧ ಗಂಟೆ ಯಾರೂ ಬರಲಿಲ್ಲ. ಹಿನಾ ಬೋರ್ಡನ್ನು ಮೂರು ಸಲ ನೇರ ಮಾಡಿದಳು. ನಾನು ಒರೆಸಿದ ಕುಡಿಕೆಯನ್ನೇ ಮತ್ತೆ ಒರೆಸಿದೆ.

ಆಮೇಲೆ ಎರಡನೆಯ ಕ್ಲಾಸಿನ ಒಂದು ಹುಡುಗಿ, ಎರಡು ಜಡೆಯವಳು, ಬಂದು ಏನೂ ಕೇಳದೆ ಬಿರಡೆ ಕಿತ್ತಳು. ಪಾತ್ರೆಗಳು ಮೇಜಿನ ಮೇಲೆಲ್ಲ ಉರುಳಿದವು. ಆ ಸದ್ದಿಗೆ ಜ್ವಾಲಾಮುಖಿಯ ಮುಂದಿದ್ದವರೆಲ್ಲ ಇಲ್ಲಿಗೆ ಬಂದರು. ಹಿನಾ ಹೇಳಲು ಶುರುಮಾಡಿದಳು. ಮಕ್ಕಳ ಕೈಗಳು ಆಗಲೇ ಚೀಲದೊಳಗೆ ಇದ್ದವು. ಅಮೀಬಾ ಎಂಟು ಕಡೆಗೆ ಕಾಲು ಚಾಚಿತ್ತು.

"ಮಿಸ್, ಇದಕ್ಕೆ ಯಾವ್ದೂ ಕೂರ್ತಿಲ್ಲ." "ಮಿಸ್, ಇವ್ನು ನನ್ನ ಮುಚ್ಳ ಕಿತ್ಕೊಂಡ." "ಮಿಸ್, ವೈರಸ್ ಸಾರು ಮಾಡ್ತದಾ?"

ಬಾಲ ಬಂದ ಬಳೆಯನ್ನು ಹಿಡಿದು ಒಬ್ಬ ಕೇಳಿದ, "ಮಿಸ್, ಇದು ಏನಕ್ಕೆ?"

"ನಂಗೊತ್ತಿಲ್ಲ" ಎಂದಳು ಹಿನಾ. "ಇದೊಂದೇ ಅಲ್ಲ, ಈ ಒಂಬತ್ತೂ ಏನಕ್ಕೆ ಅಂತ ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ. ನೀವು ಹೇಳಿ, ಬರ್ಕೊತೀನಿ."

ಮಿಸ್ಸಿಗೂ ಗೊತ್ತಿಲ್ಲವಂತೆ ಎಂದು ಒಬ್ಬ ಕೂಗುತ್ತಾ ಓಡಿದ. ಆಮೇಲೆ ಕ್ಯೂ ನಿಂತಿತು. ಡೈರಿಯಲ್ಲಿ ಇಪ್ಪತ್ತು ಪುಟ ತುಂಬಿದೆ. ಇಲಿಯ ಟೋಪಿ, ಮಳೆ ಅಳೆಯುವುದು, ಇರುವೆಗೆ ಜಾರುಬಂಡೆ. "ಬೆನ್ನು" ಎಂದು ಬೇರೆ ಇಬ್ಬರೂ ಹೇಳಿದರು. ಗಂಗಯ್ಯನಿಗೆ ತಿಳಿಸಿದ್ದೇನೆ.

ಒಂದು ವಿಷಯ ಬರೆದೇ ಮಲಗಬೇಕು. ಆ ಎರಡು ಜಡೆಯ ಹುಡುಗಿ ಒಂದು ಕೆಂಪು ಮುಚ್ಚಳ ಹುಡುಕಿ ಕೂರಿಸಿದಳು. ಗುಬುಟು ಹಿಡಿದು ಮೇಲೆತ್ತಿದಳು. ಪಾತ್ರೆ ಎದ್ದು ಬಂತು. ಕಿವಿಯ ಹತ್ತಿರ ತಂದು ಒಮ್ಮೆ ಒದರಿದಳು. ಟಪ್ಪೆಂದು ಬಿಟ್ಟುಕೊಂಡಿತು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮತ್ತೆ ಕೂರಿಸಿ, ಮತ್ತೆ ಎತ್ತಿ, ಮತ್ತೆ ಒದರಿದಳು. ಪಕ್ಕದವಳೂ ಹಾಗೇ ಮಾಡಿದಳು. ಸ್ವಲ್ಪ ಹೊತ್ತಿಗೆ ಮೇಜಿನ ಸುತ್ತ ಟಪ್ ಟಪ್ ಎಂದು ಅದೊಂದೇ ಸದ್ದು.

ಹಿನಾ ನನ್ನ ಕಡೆ ನೋಡಿದಳು. ನಾನು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದು ಬಂದೆ. ಬಿಸಿಲು ಜಾಸ್ತಿ ಇತ್ತು.

ಹೊರಡುವಾಗ ಮಾಗಡಿಯಿಂದ ಬಂದಿದ್ದ ಒಬ್ಬ ಮೇಷ್ಟ್ರು, ಕನಕಪುರದ ಕಡೆಯ ಇಬ್ಬರು ಮೇಡಮ್ಮುಗಳು, ತಮ್ಮ ಸ್ಕೂಲಿಗೂ ಇಂಥದ್ದು ಬೇಕು ಎಂದರು. ಗೊತ್ತಿಲ್ಲದ ಒಂಬತ್ತೂ ಇರಲೇಬೇಕು ಎಂದು ಮೇಷ್ಟ್ರು ಒತ್ತಿ ಹೇಳಿದರು. ನಾನು ಅಳತೆ ಬರೆದುಕೊಂಡೆ.

ಕೆಂಪು ಮುಚ್ಚಳ ನಾನು ಕಡೆದ ಆರರಲ್ಲಿ ಒಂದೋ, ಅವಳ ಮೂವತ್ತೇಳರಲ್ಲಿ ಒಂದೋ, ನೋಡಲು ಮರೆತೆ.


ಮಾರ್ಚ್ 3, ಸೋಮವಾರ

ಸಂಜೆ ಆರು ಗಂಟೆ. ಬೆಳಿಗ್ಗೆ ಎರಡು ಕುಡಿಕೆ, ಮಧ್ಯಾಹ್ನದಿಂದ ಮುಚ್ಚಳ. ನಾಲ್ಕೇ ಹಾಳಾದವು. ಅವಳ ಮಣೆಯ ಕೆಳಗೆ ಬಾಲರಾಜು ಎರಡು ಹಲಗೆ ಬಡಿದು ಎತ್ತರ ಮಾಡಿಕೊಟ್ಟಿದ್ದಾನೆ.

ರಂಜಾನ್ ಉಪವಾಸ ಶುರುವಾಗಿದೆ. ಹನ್ನೊಂದು ಗಂಟೆಗೆ ಟೀ ಲೋಟ ಹಿಡಿದು ಅಭ್ಯಾಸದಂತೆ ಶೆಡ್ಡಿನ ಹೊರಗೆ ಹೋದೆ. ಪ್ರತಿ ವರ್ಷವೂ ಹೋಗುತ್ತಿದ್ದೆ, ಪ್ರತಿ ವರ್ಷವೂ ಅವಳು ಬಯ್ಯುತ್ತಿದ್ದಳು. "ಒಳಗೇ ಕುಡಿ ಬಾ. ನನ್ನ ರೋಜಾ ನಿನ್ನ ಟೀಗೆ ಹೆದರ್ಕೊಳಲ್ಲ." ಬಾಗಿಲವರೆಗೆ ಹೋದವಳು ವಾಪಸ್ಸು ಬಂದು ಒಳಗೇ ಕುಡಿದೆ.

ವೆಂಕಟಯ್ಯ ಬಂದಿದ್ದರು. ಬಾಗಿಲಲ್ಲಿ ನಿಂತು ಏನೋ ಕೇಳಿದರು. ಎರಡೂ ಲೇತು ಓಡುತ್ತಿದ್ದವು, ಕೇಳಿಸಲಿಲ್ಲ. ಮುಚ್ಚಳ ಅರ್ಧದಲ್ಲಿತ್ತು, ಕೈ ಬಿಡುವ ಹಾಗಿರಲಿಲ್ಲ. ಕೂತಿರಿ ಎಂದು ತಲೆ ಅಲ್ಲಾಡಿಸಿದೆ. ಅವರು ಮರದ ತುಂಡಿನ ಮೇಲೆ ಕೂತು, ಹಾಳಾದ ಮುಚ್ಚಳ ಒಂದನ್ನು ಎತ್ತಿಕೊಂಡು, ಪಾತ್ರೆಗೆ ಕೂರುತ್ತದೇನೋ ಎಂದು ಒತ್ತುತ್ತಾ ಇದ್ದರು. ಮೋಟಾರು ಆರಿಸಿದ ಮೇಲೆ, ಏನು ಹೇಳಿದಿರಿ ಎಂದು ಕೇಳಿದೆ.

"ಬೀಗ ಇಸ್ಕೊಳಕೆ ಬಂದೆ" ಎಂದರು. ಆಗಲೇ ನನಗೆ ನೆನಪಾದದ್ದು. ಫೆಬ್ರವರಿ ಮುಗಿದು ಮೂರು ದಿನವಾಗಿತ್ತು.

ನಾನು ಏನಾದರೂ ಹೇಳುವ ಮೊದಲೇ ಎದ್ದು, ಪಂಚೆ ಒದರಿಕೊಂಡು, "ಬಾಮೈದಂಗೆ ಬೇರೆ ಜಾಗ ನೋಡ್ತೀನಿ ಬುಡು" ಎಂದರು. ಹೋಗುವಾಗ ಆ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡರು. ಅದು ಯಾವುದಕ್ಕೂ ಕೂರುವುದಿಲ್ಲ ಎಂದೆ. "ಇರ್ಲಿ, ಒಂದಿನ ಕೂರ್ತದೆ" ಎಂದರು.

ಹಬ್ಬ ಮುಗಿದ ಮೇಲೆ ಭಾನುವಾರಗಳು ಬಂದು ಮುಚ್ಚಳ ಕಲಿಯುತ್ತೇನೆ ಎಂದು ಹಿನಾ ಹೇಳಿದ್ದಾಳೆ. ಅಲ್ಲಿವರೆಗೆ ನಾನು ಮುಂದಿರಬೇಕು, ಕಲಿಸುವವಳಿಗೆ ಹತ್ತಕ್ಕೆ ನಾಲ್ಕಾದರೂ ಸರಿಯಾಗಿ ಬರಬೇಡವೇ. ಬೈರಮಂಗಲದ ನೀರಿನಲ್ಲಿ ಇನ್ನೂ ಎರಡು ಹೊಸ ಚೀಟಿ ಸಿಕ್ಕಿವೆಯಂತೆ, ಒಂದು ಸಕ್ಕರೆಯದ್ದು, ಇನ್ನೊಂದು ಏನಕ್ಕೋ ಗೊತ್ತಿಲ್ಲ. ಫೋನಿನಲ್ಲಿ ಅವಳ ದನಿ ಕೇಳಿದರೆ ಎರಡನೆಯದಕ್ಕೇ ಹೆಚ್ಚು ಖುಷಿ.

ಸಂಜೆ ಉಳಿದ ಚೂರು ಮರದಲ್ಲಿ ಒಂದು ಕಡೆದೆ. ಮೂರು ಹೊಟ್ಟೆ ಇದೆ, ತುದಿಗೆ ಮೂಗಿನಂಥದ್ದೊಂದಿದೆ. ಗಂಗಯ್ಯ ಏನಿದು ಎಂದರು. ಮರ ಹಿಂಗೆ ಬಂತು ಎಂದೆ.

ನಾಳೆ ಹತ್ತು ಗಂಟೆಯಿಂದ ಕರೆಂಟು ಇರುವುದಿಲ್ಲವೆಂದು ಮೆಸೇಜು ಬಂದಿದೆ. ಏಳಕ್ಕೇ ಶೆಡ್ಡು ತೆಗೆಯಬೇಕು.